ಬೈಕ್ ತೊಳೆಯುವ ಫಾರ್ವರ್ಡ್‌ಗಳು: ಹೊಳಪು ಬರುತ್ತೆ ನಿಜ, ಬ್ರೇಕ್ ಉಳಿಯುತ್ತಾ?

ಆಯುಧಪೂಜೆ ಹತ್ತಿರ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಬೈಕ್ ತೊಳೆಯುವ ವಿಡಿಯೊಗಳ ಸುಗ್ಗಿ. "ಒಂದು ಸ್ಯಾಶೆ ಶಾಂಪೂ ಸಾಕು, ಹಳೇ ಬೈಕ್ ಶೋರೂಮ್ ಬೈಕ್ ಆಗುತ್ತೆ", "ಸೀಮೆಎಣ್ಣೆಯಲ್ಲಿ ಒರೆಸಿ, ಮ್ಯಾಜಿಕ್ ನೋಡಿ", "ಮೆಕ್ಯಾನಿಕ್‌ಗಳು ಹೇಳದ ಗುಟ್ಟು" ಎಂದೆಲ್ಲ ತಲೆಬರಹ. ಇವುಗಳಲ್ಲಿ ಕೆಲವು ಸಲಹೆಗಳು ಸರಿಯಾಗಿಯೇ ಇವೆ. ಕೆಲವು ಬಣ್ಣ ಹಾಳು ಮಾಡುತ್ತವೆ, ಅಲ್ಲಿ ಹೋಗುವುದು ದುಡ್ಡು ಮಾತ್ರ. ಆದರೆ ಎರಡು ಮೂರು ಸಲಹೆಗಳು ಸವಾರನನ್ನು ನೇರ ಆಸ್ಪತ್ರೆಗೆ ಕಳಿಸುವಂಥವು. ಅವನ್ನೇ ಮೊದಲು ನೋಡೋಣ, ಹೊಳಪಿನ ವಿಚಾರ ಆಮೇಲೆ.

ಡಿಸ್ಕ್ ಹೊಳೆಯಬೇಕಾಗಿಲ್ಲ, ಹಿಡಿಯಬೇಕು

ಇಡೀ ಬೈಕಿಗೆ ಪಾಲಿಶ್ ಸ್ಪ್ರೇ ಹೊಡೆದು, ಚಕ್ರದ ಡಿಸ್ಕ್‌ಗೂ ಎರಡು ಸಲ ಪುಸ್ ಪುಸ್ ಎನಿಸಿ, ಬಟ್ಟೆಯಲ್ಲಿ ಉಜ್ಜಿ "ನೋಡಿ, ಕನ್ನಡಿ ಥರ" ಎಂದು ತೋರಿಸುವ ವಿಡಿಯೊ ನಿಮಗೂ ಬಂದಿರಬಹುದು. ದಯವಿಟ್ಟು ಹಾಗೆ ಮಾಡಬೇಡಿ.

ಡಿಸ್ಕ್ ಬ್ರೇಕ್ ಕೆಲಸ ಮಾಡುವುದೇ ಘರ್ಷಣೆಯಿಂದ. ಲಿವರ್ ಒತ್ತಿದಾಗ ಎರಡು ಬ್ರೇಕ್ ಪ್ಯಾಡ್‌ಗಳು ತಿರುಗುವ ಉಕ್ಕಿನ ತಟ್ಟೆಯನ್ನು ಎರಡೂ ಬದಿಯಿಂದ ಅಮುಕುತ್ತವೆ. ಬೈಕಿನ ವೇಗವೆಲ್ಲ ಅಲ್ಲಿ ಬಿಸಿಯಾಗಿ ಬದಲಾಗಿ ಹೋಗುತ್ತದೆ. ಪ್ಯಾಡ್ ಮತ್ತು ತಟ್ಟೆಯ ನಡುವೆ ಎಣ್ಣೆ, ಮೇಣ ಅಥವಾ ಸಿಲಿಕೋನ್‌ನ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಬಂದರೂ ಹಿಡಿತ ತಪ್ಪುತ್ತದೆ. ತಟ್ಟೆಯನ್ನಾದರೂ ಒರೆಸಬಹುದು. ಪ್ಯಾಡ್ ಹಾಗಲ್ಲ. ಅದನ್ನು ಪುಡಿಯಂಥ ವಸ್ತುಗಳನ್ನು ಒತ್ತಿ ಮಾಡಿರುತ್ತಾರೆ, ಒಳಗೆ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಎಣ್ಣೆಯನ್ನು ಅದು ಹೀರಿಕೊಂಡುಬಿಡುತ್ತದೆ. ಬ್ರೇಕ್ ಒತ್ತಿದಂತೆಲ್ಲ ಆ ಎಣ್ಣೆ ಮತ್ತೆ ತಟ್ಟೆಗೆ ಬರುತ್ತಲೇ ಇರುತ್ತದೆ.

ಇದು ಗೊತ್ತಾಗುವುದು ಮನೆಯಂಗಳದಲ್ಲಲ್ಲ. ಬೈಕ್ ನಿಂತಿದ್ದಾಗ ಲಿವರ್ ಎಂದಿನಂತೆ ಗಟ್ಟಿಯಾಗಿಯೇ ಇರುತ್ತದೆ. ರಸ್ತೆಯಲ್ಲಿ ಎದುರಿಗೆ ಆಟೊ ಅಡ್ಡ ಬಂದಾಗಲೇ ಅದು ಹಿಡಿಯುತ್ತಿಲ್ಲ ಎಂದು ತಿಳಿಯುವುದು. ಬ್ರೇಕ್ ಹಾಕಿದಾಗ ಬೈಕಿನ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಚಕ್ರದ್ದು. ಹೆಚ್ಚಿನ ಬೈಕ್‌ಗಳಲ್ಲಿ ಡಿಸ್ಕ್ ಇರುವುದೂ ಅಲ್ಲೇ.

ಈಗಾಗಲೇ ಸ್ಪ್ರೇ ಬಿದ್ದಿದ್ದರೆ ಬೈಕ್ ಓಡಿಸಬೇಡಿ, ಬ್ರೇಕ್ ಒತ್ತಿ ಪರೀಕ್ಷೆಯನ್ನೂ ಮಾಡಬೇಡಿ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುವ ಬ್ರೇಕ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್ ಅನ್ನು ಶುಭ್ರವಾದ ಬಟ್ಟೆಗೆ ಹಾಕಿಕೊಂಡು ತಟ್ಟೆಯ ಎರಡೂ ಬದಿ ಒರೆಸಿ. ಬಟ್ಟೆ ಬದಲಿಸಿ ಇನ್ನೊಮ್ಮೆ ಒರೆಸಿ. ಬ್ರೇಕ್ ಕ್ಲೀನರ್ ಟ್ಯಾಂಕಿನ ಬಣ್ಣಕ್ಕೆ ತಾಗದಿರಲಿ. ಪ್ಯಾಡ್‌ಗೂ ಎಣ್ಣೆ ಹತ್ತಿದ್ದರೆ ಅದನ್ನು ಬದಲಿಸುವುದೇ ಸರಿ. "ಪ್ಯಾಡನ್ನು ಗ್ಯಾಸ್ ಒಲೆಯ ಮೇಲೆ ಸುಟ್ಟರೆ ಎಣ್ಣೆ ಹೋಗುತ್ತೆ" ಎಂಬ ಇನ್ನೊಂದು ಫಾರ್ವರ್ಡ್ ಇದೆ. ಒಂದು ಜೊತೆ ಪ್ಯಾಡಿನ ಬೆಲೆ ಉಳಿಸಲು ಅಷ್ಟು ಸಾಹಸ ಬೇಡ.

ಹೀಗಾಗದಂತೆ ತಡೆಯುವುದು ಸುಲಭ. ಸ್ಪ್ರೇಯನ್ನು ಬೈಕಿಗೆ ಹೊಡೆಯಬೇಡಿ, ಬಟ್ಟೆಗೆ ಹೊಡೆದು ಆ ಬಟ್ಟೆಯಿಂದ ಒರೆಸಿ. ಗಾಳಿಯಲ್ಲಿ ತೇಲಿಹೋಗುವ ಹನಿಗಳೇ ಹೆಚ್ಚಿನ ಸಲ ಡಿಸ್ಕ್ ಮೇಲೆ ಕೂರುವುದು.

ಡ್ರಮ್ ಬ್ರೇಕ್ ಇರುವ ಬೈಕ್‌ಗಳ ಸಮಸ್ಯೆ ಬೇರೆ. ಹೊರಗಿನ ಪಾಲಿಶ್ ಒಳಗೆ ಹೋಗುವುದಿಲ್ಲ, ಆದರೆ ತೊಳೆಯುವಾಗ ನೀರು ನುಸುಳಬಹುದು. ತೊಳೆದ ಮೇಲೆ ಮೊದಲ ಕೆಲವು ಸಲ ಬ್ರೇಕ್ ಸಡಿಲ ಅನಿಸುವುದು ಅದಕ್ಕೇ. ಡಿಸ್ಕ್ ಇರಲಿ, ಡ್ರಮ್ ಇರಲಿ, ತೊಳೆದಾದ ಮೇಲೆ ಮನೆಯ ಮುಂದಿನ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಾ ನಾಲ್ಕಾರು ಬಾರಿ ಮೆಲ್ಲಗೆ ಬ್ರೇಕ್ ಹಾಕಿ. ಆ ಬಿಸಿಗೇ ತೇವ ಆರುತ್ತದೆ.

ಟೈರ್ ಪಾಲಿಶ್ ಕೂಡ ಇದೇ ಸಾಲಿನದು. ಟೈರ್ ಕಪ್ಪಗೆ ಮಿಂಚಲೆಂದು ಹಚ್ಚುವ ದ್ರವಗಳಲ್ಲಿ ಹಲವುದರಲ್ಲಿ ಸಿಲಿಕೋನ್ ಎಣ್ಣೆ ಇರುತ್ತದೆ. ಕಾರಿಗೆ ಅದನ್ನು ಟೈರಿನ ಪಕ್ಕದ ಗೋಡೆಗೆ ಹಚ್ಚಿದರೆ ಹೆಚ್ಚು ತೊಂದರೆ ಇಲ್ಲ, ಕಾರು ವಾಲುವುದಿಲ್ಲ. ಬೈಕ್ ತಿರುವಿನಲ್ಲಿ ವಾಲುತ್ತದೆ, ಟೈರಿನ ಅಂಚು ನೆಲಕ್ಕೆ ತಾಗುತ್ತದೆ. ಹಚ್ಚಿದ ದ್ರವ ಚಕ್ರ ತಿರುಗುವಾಗ ಅಂಚಿನ ಕಡೆಗೆ ಹರಿಯುವುದೂ ಉಂಟು. ಬೈಕಿನ ಟೈರಿಗೆ ಸೋಪಿನ ನೀರು, ಬ್ರಶ್ ಇಷ್ಟೇ ಸಾಕು.

ಓಡುವ ಚೈನು, ಕೈಬೆರಳು

ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವ ವಿಡಿಯೊ ಇದು: ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ, ಮೊದಲ ಗೇರಿಗೆ ಹಾಕಿ, ತಾನಾಗಿ ತಿರುಗುವ ಚೈನಿಗೆ ಬಟ್ಟೆ ಹಿಡಿಯುವುದು. "ಎರಡೇ ನಿಮಿಷದಲ್ಲಿ ಚೈನ್ ಕ್ಲೀನ್" ಎನ್ನುತ್ತಾರೆ.

ಒಂದು ಸಣ್ಣ ಲೆಕ್ಕ ಹಾಕೋಣ. ಸಾಮಾನ್ಯ ಬೈಕ್ ಐಡ್ಲಿಂಗ್‌ನಲ್ಲಿ, ಮೊದಲ ಗೇರಿನಲ್ಲಿ ಇದ್ದಾಗ ಚೈನು ಸೆಕೆಂಡಿಗೆ ಅಂದಾಜು 40 ಸೆಂಟಿಮೀಟರ್ ಓಡುತ್ತದೆ. ನೋಡಲು ನಿಧಾನವೇ. ಆದರೆ ಬಟ್ಟೆಯ ಒಂದು ಎಳೆ ಚೈನಿಗೆ ಸಿಕ್ಕಿಕೊಂಡಾಗ ನಿಮ್ಮ ಬೆರಳು ಹಲ್ಲುಚಕ್ರದಿಂದ, ಅಂದರೆ ಸ್ಪ್ರಾಕೆಟ್‌ನಿಂದ, 10 ಸೆಂಟಿಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ನಿಮಗಿರುವುದು ಕಾಲು ಸೆಕೆಂಡ್. ಕಂಡದ್ದು ಮಿದುಳಿಗೆ ತಲುಪಿ, ಕೈ ಹಿಂದೆಗೆಯಲು ಶುರುಮಾಡುವುದಕ್ಕೇ ಮನುಷ್ಯನಿಗೆ ಹೆಚ್ಚುಕಮ್ಮಿ ಅಷ್ಟು ಹೊತ್ತು ಬೇಕು. ಎಂಜಿನ್ ಬೆರಳಿಗಾಗಿ ನಿಲ್ಲುವುದಿಲ್ಲ. ಹೀಗೆ ಬೆರಳಿನ ತುದಿ ಕಳೆದುಕೊಂಡವರು ಎಲ್ಲ ಊರುಗಳಲ್ಲೂ ಸಿಗುತ್ತಾರೆ.

ಎಂಜಿನ್ ಆಫ್, ಕೀ ಜೇಬಿನಲ್ಲಿ, ಗೇರ್ ನ್ಯೂಟ್ರಲ್. ಹಿಂದಿನ ಚಕ್ರವನ್ನು ಒಂದು ಕೈಯಲ್ಲಿ ಸ್ವಲ್ಪ ತಿರುಗಿಸಿ, ನಿಲ್ಲಿಸಿ, ಆಮೇಲೆ ಇನ್ನೊಂದು ಕೈಯಿಂದ ಉಜ್ಜಿ. ಕೈಯಿಂದ ತಿರುಗಿಸುವಾಗಲೂ ಬೆರಳು ಸಿಕ್ಕಿಕೊಳ್ಳಬಹುದು, ಹಾಗಾಗಿ ತಿರುಗಿಸುವುದು ಮತ್ತು ಉಜ್ಜುವುದು ಒಟ್ಟೊಟ್ಟಿಗೆ ಬೇಡ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಚೈನಿಗೆ ಏನು ಹಾಕಬೇಕು? ಹಳೆಯ ಗ್ರೀಸು, ಮಣ್ಣು ಬಿಡಿಸಲು ಸೀಮೆಎಣ್ಣೆ ನಡೆಯುತ್ತದೆ, ಇಲ್ಲವೇ ಚೈನ್ ಕ್ಲೀನರ್ ತನ್ನಿ. ಪೆಟ್ರೋಲ್ ಬೇಡವೇ ಬೇಡ. ಈಗಿನ ಹಲವು ಬೈಕ್‌ಗಳ ಚೈನಿನಲ್ಲಿ ಕೊಂಡಿಗಳ ಒಳಗಿನ ಗ್ರೀಸನ್ನು ಹಿಡಿದಿಡಲು ರಬ್ಬರಿನ ಸಣ್ಣ ಉಂಗುರಗಳಿರುತ್ತವೆ, ಪೆಟ್ರೋಲ್ ಅವನ್ನು ಹಾಳು ಮಾಡುತ್ತದೆ. ಬೆಂಕಿಯ ಭಯವಂತೂ ಇದ್ದೇ ಇದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಬಿಸಿ ಸೈಲೆನ್ಸರನ್ನೋ ದೇವರಮನೆಯ ದೀಪವನ್ನೋ ತಲುಪಬಹುದು. ನಮ್ಮ ಊರಿನ ಸಾಮಾನ್ಯ ಬಿಸಿಲಿನಲ್ಲಿ ಪೆಟ್ರೋಲ್‌ಗೆ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು.

ಇನ್ನು ಡಬ್ಲ್ಯೂಡಿ-40. ಚೈನಿಗೆ ಇದೊಂದೇ ಸಾಕು ಎಂದು ನಂಬಿದವರು ಬಹಳ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ತಯಾರಾದ ಇದರ ಹೆಸರಿನ ಅರ್ಥವೇ 'ನೀರನ್ನು ಹೊರದೂಡುವುದು, 40ನೆಯ ಪ್ರಯತ್ನ'. ಅಟ್ಲಾಸ್ ಕ್ಷಿಪಣಿಯ ಹೊರಮೈ ತುಕ್ಕು ಹಿಡಿಯದಂತೆ ಬಳಸಿದ್ದು. ತೇವ ಓಡಿಸಲು ಒಳ್ಳೆಯದೇ. ಆದರೆ ಅದು ಬಿಡುವ ಎಣ್ಣೆಯ ಪದರ ಬಹಳ ತೆಳು, ನೂರಾರು ಕಿಲೋಮೀಟರ್ ಓಡುವ ಚೈನಿಗೆ ಸಾಲದು. ಅದರ ಮೇಲೆ ಚೈನ್ ಲ್ಯೂಬ್ ಹಾಕಲೇಬೇಕು. ಲ್ಯೂಬ್ ಹೊಡೆಯುವಾಗ ಚೈನಿನ ಹಿಂದೆ ಒಂದು ರಟ್ಟಿನ ತುಂಡು ಹಿಡಿಯಿರಿ, ಇಲ್ಲದಿದ್ದರೆ ಅದು ಹಿಂದಿನ ಟೈರಿನ ಮೇಲೆ ಕೂರುತ್ತದೆ. ಸಂಜೆ ಹಾಕಿ ಬೆಳಿಗ್ಗೆ ಓಡಿಸಿದರೆ ಇನ್ನೂ ಒಳ್ಳೆಯದು.

ಗೀರು ಬೀಳುವುದು ಎಲ್ಲಿ?

ಈಗ ಬಣ್ಣದ ಮಾತು. ಬೈಕಿನ ಬಣ್ಣಕ್ಕೆ ಅತಿ ಹೆಚ್ಚು ಹಾನಿ ಮಾಡುವುದು ಕೆಟ್ಟ ಸೋಪೂ ಅಲ್ಲ, ಬಿಸಿಲೂ ಅಲ್ಲ, ದಿನಾ ಬೆಳಿಗ್ಗೆ ಒಣಬಟ್ಟೆಯಲ್ಲಿ ಟ್ಯಾಂಕ್ ಒರೆಸುವ ಪ್ರೀತಿ ಎಂಬುದು ನಮ್ಮ ಅಭಿಪ್ರಾಯ.

ರಸ್ತೆಯ ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ, ಅಂದರೆ ಕ್ವಾರ್ಟ್ಜ್. ವಸ್ತುಗಳ ಗಡಸುತನ ಅಳೆಯುವ ಮೋಸ್ ಅಳತೆಯಲ್ಲಿ ವಜ್ರಕ್ಕೆ 10 ಅಂಕವಾದರೆ ಕ್ವಾರ್ಟ್ಜ್‌ಗೆ 7. ಚಾಕುವಿನ ಉಕ್ಕಿಗೇ ಐದೂವರೆಯ ಆಸುಪಾಸು. ಬೈಕಿನ ಬಣ್ಣದ ಮೇಲಿರುವ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಒಂದು ಬಗೆಯ ಪ್ಲಾಸ್ಟಿಕ್. ದಪ್ಪದಲ್ಲಿ ತಲೆಗೂದಲಿಗಿಂತ ಕಡಿಮೆ. ಧೂಳು ಕೂತಿರುವಾಗ ಒಣಬಟ್ಟೆ ಎಳೆದರೆ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿದ ಹಾಗೆ. ಕಪ್ಪು ಬೈಕನ್ನು ಬಿಸಿಲಲ್ಲಿ ನಿಲ್ಲಿಸಿ ನೋಡಿ, ಟ್ಯಾಂಕಿನ ಮೇಲೆ ಜೇಡರ ಬಲೆಯಂಥ ಸಣ್ಣ ಗೀರುಗಳು ಕಂಡರೆ ಅವೆಲ್ಲ ಹೀಗೆ ಬಂದವು.

ಹಾಗಾಗಿ ಕ್ರಮ ಹೀಗಿರಲಿ: ಮೊದಲು ಬರೀ ನೀರು ಸುರಿದು ಧೂಳು, ಕೆಸರು ಇಳಿಸಿ. ಅಂಟಿಕೊಂಡ ಕೆಸರನ್ನು ಕೆರೆಯಬೇಡಿ, ನೆನೆಯಲು ಬಿಡಿ. ಆಮೇಲೆ ಸೋಪು. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಟ್ಯಾಂಕಿನಿಂದ ಶುರುಮಾಡಿ ಕೆಳಗಿಳಿಯಿರಿ. ಚಕ್ರ, ಮಡ್‌ಗಾರ್ಡಿನ ಒಳಗೆ ಉಜ್ಜಿದ ಬಟ್ಟೆ ಮತ್ತೆ ಟ್ಯಾಂಕಿಗೆ ಬರಬಾರದು. ಮೈಕ್ರೊಫೈಬರ್ ಬಟ್ಟೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಗುಂಡಿ ಇಲ್ಲದ ಹಳೆಯ ಮೆತ್ತನೆ ಬನಿಯನ್ ಬಟ್ಟೆಯೂ ಆಗುತ್ತದೆ. ಪಾತ್ರೆ ಉಜ್ಜುವ ನಾರು ಮಾತ್ರ ಬೇಡ.

ಶಾಂಪೂ ಫಾರ್ವರ್ಡ್ ಅಷ್ಟೇನೂ ಸುಳ್ಳಲ್ಲ. ಬಟ್ಟೆ ಒಗೆಯುವ ಪುಡಿಗಿಂತ ತಲೆಗೆ ಹಾಕುವ ಶಾಂಪೂ ಎಷ್ಟೋ ವಾಸಿ. ಒಗೆಯುವ ಪುಡಿಯಲ್ಲಿ ಸೋಡಾ ಇರುವುದರಿಂದ ಅದರ ನೀರು ಕ್ಷಾರೀಯ. ಅಲ್ಯುಮಿನಿಯಂ ಭಾಗಗಳು ಅದರಿಂದ ಮಂಕಾಗುತ್ತವೆ, ಹಚ್ಚಿದ್ದ ಮೇಣವೂ ಹೋಗುತ್ತದೆ. ಶಾಂಪೂ ಸೌಮ್ಯ. ಆದರೆ ಹಲವು ಶಾಂಪೂಗಳಲ್ಲಿ ಮಂದವಾಗಲೆಂದು ಉಪ್ಪು ಸೇರಿಸಿರುತ್ತಾರೆ, ಚೆನ್ನಾಗಿ ಜಾಲಿಸದೆ ಬಿಟ್ಟರೆ ತುಕ್ಕಿಗೆ ದಾರಿ. ವಾಹನಗಳಿಗೆಂದೇ ಮಾಡಿದ ಶಾಂಪೂವಿನ ಒಂದು ಬಾಟಲಿ ತಂದರೆ ಬಹುಕಾಲ ಬರುತ್ತದೆ.

ಕರಾವಳಿಯವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಕಾರವಾರ, ಮಲ್ಪೆ, ಉಳ್ಳಾಲದ ಕಡೆ ಕಡಲಗಾಳಿಯೇ ಉಪ್ಪು ತಂದು ಕೂರಿಸುತ್ತದೆ. ಅಲ್ಲಿ ತಿಂಗಳಿಗೊಮ್ಮೆ ಭರ್ಜರಿ ಪಾಲಿಶ್ ಮಾಡುವುದಕ್ಕಿಂತ ವಾರಕ್ಕೊಮ್ಮೆ ಬರೀ ಸಿಹಿನೀರು ಹಾಕಿ ಒರೆಸುವುದೇ ತುಕ್ಕು ತಡೆಯುವ ದಾರಿ.

ಪ್ರೆಶರ್ ವಾಟರ್ ಗನ್ ಮನೆಗೇ ತರಿಸಿಕೊಳ್ಳುವವರು ಈಗ ಹೆಚ್ಚು. ದೂರದಿಂದ ಮಡ್‌ಗಾರ್ಡಿಗೆ ಹೊಡೆದರೆ ಸರಿ. ಚಕ್ರದ ಬೇರಿಂಗ್, ಹ್ಯಾಂಡಲ್ ಸ್ವಿಚ್, ಮೀಟರ್, ಚೈನು ಇವುಗಳಿಗೆ ಹತ್ತಿರದಿಂದ ಹೊಡೆದರೆ ಸೀಲ್ ದಾಟಿ ನೀರು ಒಳಗೆ ಹೋಗಿ ಗ್ರೀಸನ್ನು ಹೊರಹಾಕುತ್ತದೆ. ಎಲೆಕ್ಟ್ರಿಕ್ ಸ್ಕೂಟರ್ ಇರುವವರು "ನಮ್ಮದು ಐಪಿ67, ಏನೂ ಆಗಲ್ಲ" ಎನ್ನುತ್ತಾರೆ. ಆ 7ರ ಅರ್ಥ ಒಂದು ಮೀಟರ್ ನಿಂತ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ ಎಂದು ಮಾತ್ರ. ಹತ್ತಿರದಿಂದ ಬಡಿಯುವ ಜೆಟ್ ನೀರಿಗೆ ಬೇರೆಯೇ ಪರೀಕ್ಷೆ ಇದೆ.

ಬಿಸಿ ಎಂಜಿನ್, ತಣ್ಣೀರು, ಸೈಲೆನ್ಸರ್

"ಬಿಸಿ ಎಂಜಿನ್ ಮೇಲೆ ತಣ್ಣೀರು ಬಿದ್ದರೆ ಎಂಜಿನ್ ಸೀಳುತ್ತೆ" ಎಂಬುದು ಹಳೆಯ ಮಾತು. ಹಾಗೇ ಆಗುವುದಾದರೆ ಆಗುಂಬೆ ಘಾಟಿಯ ಮಳೆಯಲ್ಲಿ ಒಂದು ಬೈಕೂ ಮೇಲೆ ಹತ್ತುತ್ತಿರಲಿಲ್ಲ. ಆದರೂ ಅರ್ಧ ಗಂಟೆ ಕಾಯುವುದು ಒಳ್ಳೆಯದು. ಬಿಸಿ ಲೋಹದ ಮೇಲೆ ಸೋಪಿನ ನೀರು ಕ್ಷಣದಲ್ಲಿ ಒಣಗಿ ಕಲೆ ಕಟ್ಟುತ್ತದೆ, ಸೈಲೆನ್ಸರಿಗೆ ಕೈ ತಾಗಿದರೆ ಸುಡುತ್ತದೆ. ಬೈಕಿನ ಜೊತೆ ಬಂದ ಪುಸ್ತಕದಲ್ಲೂ ತಣ್ಣಗಾದ ಮೇಲೆ ತೊಳೆಯಿರಿ ಎಂದೇ ಇರುತ್ತದೆ.

ಸೈಲೆನ್ಸರ್ ಒಳಗೆ ನಾಲ್ಕು ಹನಿ ಹೋಯಿತೆಂದು ಗಾಬರಿ ಬೇಡ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಮ್ಮಿ ಒಂದು ಲೀಟರ್ ನೀರೇ ಹುಟ್ಟಿ ಆವಿಯಾಗಿ ಅದರೊಳಗಿಂದ ಹೊರಹೋಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ತೊಟ್ಟಿಕ್ಕುವುದು ಅದೇ. ಆದರೆ ಪೈಪ್ ಬಾಯಿಗೇ ಹಿಡಿದು ನೀರು ತುಂಬಬೇಡಿ. ಪ್ಲಾಸ್ಟಿಕ್ ಕವರ್ ಕಟ್ಟುವುದು ಸರಿ, ಸ್ಟಾರ್ಟ್ ಮಾಡುವ ಮುಂಚೆ ತೆಗೆಯಲು ಮರೆಯದಿದ್ದರೆ.

ಪೈಪ್ ಅಂದಾಗ ಇನ್ನೊಂದು ವಿಷಯ. ಮನೆಯ ಪೈಪಿನಿಂದ ನಿಮಿಷಕ್ಕೆ 10ರಿಂದ 15 ಲೀಟರ್ ನೀರು ಹೋಗುತ್ತದೆ. ಹತ್ತು ನಿಮಿಷ ಬಿಟ್ಟರೆ 100 ಲೀಟರಿಗೂ ಮೇಲೆ. ಬಕೆಟ್, ಮಗ್ ಹಿಡಿದರೆ 30-40 ಲೀಟರಿನಲ್ಲಿ ಕೆಲಸ ಮುಗಿಯುತ್ತದೆ. ಬೆಂಗಳೂರಿನಲ್ಲಿ ಇದು ಜೇಬಿಗೂ ಸಂಬಂಧಿಸಿದ್ದು. 2024ರ ಮಾರ್ಚ್‌ನಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು.

ಹನಿ ಭೂತಗನ್ನಡಿಯೇ?

"ತೊಳೆದು ಬಿಸಿಲಲ್ಲಿ ಬಿಟ್ಟರೆ ನೀರಿನ ಹನಿ ಭೂತಗನ್ನಡಿಯಂತೆ ಬಣ್ಣ ಸುಡುತ್ತೆ" ಎಂಬ ಫಾರ್ವರ್ಡ್ ಕೇಳಲು ವೈಜ್ಞಾನಿಕವಾಗಿಯೇ ಇದೆ. ಆದರೆ ಭೂತಗನ್ನಡಿ ಕಾಗದವನ್ನು ಸುಡಬೇಕಾದರೆ ನಡುವೆ ಅಂತರ ಬೇಕು. ಬೈಕಿನ ಮೇಲೆ ಹನಿ ಬಣ್ಣಕ್ಕೇ ಅಂಟಿ ಕೂತಿರುತ್ತದೆ, ಬೆಳಕು ಒಂದೆಡೆ ಸೇರುವಷ್ಟು ಜಾಗವೇ ಇರುವುದಿಲ್ಲ. ಜೊತೆಗೆ ನೀರು ತನ್ನ ಕೆಳಗಿನ ಜಾಗವನ್ನು ತಂಪಾಗಿಯೂ ಇಡುತ್ತದೆ. ಮಧ್ಯಾಹ್ನ ನೀರು ಹಾಕಿದರೆ ಗಿಡದ ಎಲೆ ಸುಡುತ್ತದೆ ಎಂಬ ಇದೇ ಬಗೆಯ ನಂಬಿಕೆಯನ್ನು ಹಂಗೆರಿಯ ವಿಜ್ಞಾನಿಗಳು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ್ದರು. ನಯವಾದ ಎಲೆಗಳ ಮೇಲೆ ಹನಿಗಳಿಂದ ಸುಟ್ಟ ಗಾಯ ಆಗಿರಲಿಲ್ಲ.

ಹಾಗಾದರೆ ಬಿಳಿ ಕಲೆಗಳು ಎಲ್ಲಿಂದ ಬಂದವು? ಬೋರ್‌ವೆಲ್ ನೀರಿನಿಂದ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ನೀರು ಆವಿಯಾದ ಮೇಲೆ ಅಲ್ಲೇ ಉಳಿಯುತ್ತವೆ. ಬಿಸಿನೀರಿನ ಬಕೆಟ್ ತಳದಲ್ಲಿ ಕಟ್ಟುವ ಬಿಳಿ ಪೊರೆಯೂ ಇದೇ. ಅಂದರೆ ಕಾರಣ ತಪ್ಪು, ಆದರೆ ಸಲಹೆ ಸರಿ: ನೆರಳಿನಲ್ಲಿ ತೊಳೆಯಿರಿ, ಹನಿ ತಾನಾಗಿ ಒಣಗುವ ಮುಂಚೆ ಒರೆಸಿ. ಟವೆಲನ್ನು ಉಜ್ಜದೆ, ಮೇಲಿಟ್ಟು ಒತ್ತಿ ನೀರು ಹೀರಿಸಿ. ನಟ್ಟು ಬೋಲ್ಟಿನ ಸಂದು, ಕೀ ತೂತು, ಟ್ಯಾಂಕ್ ಮುಚ್ಚಳದ ಸುತ್ತ, ಸೀಟಿನ ಕೆಳಗೆ ನೀರು ನಿಂತಿರುತ್ತದೆ, ಅಲ್ಲೂ ಒಂದು ಕೈ ನೋಡಿ. ಈಗಾಗಲೇ ಕಟ್ಟಿರುವ ಬಿಳಿ ಕಲೆಗೆ ಸಮಸಮ ನೀರು ಬೆರೆಸಿದ ಬಿಳಿ ವಿನೆಗರ್ ಹಚ್ಚಿ ಒರೆಸಿ, ತಕ್ಷಣ ನೀರಿನಲ್ಲಿ ತೊಳೆಯಿರಿ.

ಪಾಲಿಶ್ ಒಂದು, ಮೇಣ ಇನ್ನೊಂದು

ನಾವೆಲ್ಲ ಎರಡನ್ನೂ ಪಾಲಿಶ್ ಎಂದೇ ಕರೆಯುತ್ತೇವೆ, ಗೊಂದಲ ಶುರುವಾಗುವುದೇ ಅಲ್ಲಿ. ನಿಜವಾದ ಪಾಲಿಶ್ ಅಥವಾ ರಬ್ಬಿಂಗ್ ಕಾಂಪೌಂಡ್‌ನಲ್ಲಿ ಸವೆಸುವ ನುಣುಪಾದ ಪುಡಿ ಇರುತ್ತದೆ. ಗೀರಿನ ಸುತ್ತಲಿನ ಪದರವನ್ನೇ ಸವೆಸಿ ಮಟ್ಟ ಮಾಡುವುದರಿಂದ ಗೀರು ಕಾಣದಂತಾಗುತ್ತದೆ. ಮೇಣ, ಅಂದರೆ ವ್ಯಾಕ್ಸ್, ಮೇಲೊಂದು ಹೊದಿಕೆ ಮಾತ್ರ. ಮೇಣವನ್ನು ಎರಡು ಮೂರು ತಿಂಗಳಿಗೊಮ್ಮೆ ಹಚ್ಚಬಹುದು. ಕಾಂಪೌಂಡನ್ನು ವಾರವಾರ ಉಜ್ಜಿದರೆ ಕೂದಲಿಗಿಂತ ತೆಳುವಾದ ಆ ಪದರ ಎಷ್ಟು ದಿನ ಉಳಿದೀತು?

ಟೂತ್‌ಪೇಸ್ಟ್‌ನ ಗುಟ್ಟೂ ಇದೇ ಸವೆಸುವ ಪುಡಿ. ಹಳದಿಯಾದ ಪ್ಲಾಸ್ಟಿಕ್ ಹೆಡ್‌ಲೈಟಿನ ಮೇಲ್ಪದರವನ್ನು ಅದು ಕೆರೆದು ತೆಗೆಯುತ್ತದೆ, ಒಂದಷ್ಟು ದಿನ ಬೆಳ್ಳಗೆ ಕಾಣುತ್ತದೆ. ಉಳಿದಿದ್ದ ಬಿಸಿಲು ತಡೆಯುವ ಲೇಪವೂ ಜೊತೆಗೇ ಹೋಗುವುದರಿಂದ ಮುಂದಿನ ಬಾರಿ ಬೇಗ ಹಳದಿಯಾಗುತ್ತದೆ.

ಸೀಮೆಎಣ್ಣೆ, ಡೀಸೆಲ್, ಕೊಬ್ಬರಿ ಎಣ್ಣೆ ಒರೆಸಿದರೆ ಬರುವುದು ಒದ್ದೆ ಹೊಳಪು. ಫೋಟೊ ತೆಗೆಯುವವರೆಗೆ ಚೆಂದ. ಮರುದಿನದ ಧೂಳೆಲ್ಲ ಅಂಟಿ, ಅದನ್ನು ಒರೆಸುವಾಗ ಮತ್ತೆ ಗೀರು. ಮ್ಯಾಟ್ ಬಣ್ಣದ ಬೈಕ್ ಇದ್ದವರಿಗಂತೂ ಪಾಲಿಶ್, ಸಾಮಾನ್ಯ ಮೇಣ ಎರಡೂ ಬೇಡ. ಆ ಮಂಕು ನೋಟ ಬರುವುದು ಮೇಲ್ಮೈಯ ಅತಿ ಸಣ್ಣ ಉಬ್ಬುತಗ್ಗುಗಳಿಂದ. ಪಾಲಿಶ್ ಅವನ್ನು ಸವೆಸಿ ಅಲ್ಲಲ್ಲಿ ಹೊಳೆಯುವ ತೇಪೆಗಳನ್ನು ಮಾಡಿಬಿಟ್ಟರೆ ಮತ್ತೆ ಮೊದಲಿನಂತೆ ಮಾಡಲು ಬಣ್ಣವನ್ನೇ ಬಳಿಸಬೇಕು.

ಪೂಜೆ ಮುಗಿದ ಮೇಲೆ ಬಿಳಿ ಬೈಕಿನ ಅರಿಶಿನದ ಕಲೆಗೆ ಸೋಪು ಹಾಕಿದಾಗ ಅದು ಕೆಂಪಾದರೆ ಗಾಬರಿಯಾಗಬೇಡಿ. ಅರಿಶಿನದ ಕರ್ಕ್ಯುಮಿನ್ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಸುಣ್ಣ ಬೆರೆಸಿ ಕುಂಕುಮ ಮಾಡುತ್ತಿದ್ದದ್ದೂ ಈ ಗುಣದಿಂದಲೇ. ನೀರಿನಲ್ಲಿ ತೊಳೆದರೆ ಮತ್ತೆ ಹಳದಿಗೆ ತಿರುಗುತ್ತದೆ. ಉಳಿದ ತೆಳು ಕಲೆಯನ್ನು ತಿಕ್ಕಲು ಹೋಗಬೇಡಿ, ಒಂದೆರಡು ದಿನ ಬಿಸಿಲಿಗೆ ಬಿಟ್ಟರೆ ತಾನೇ ಮಾಸುತ್ತದೆ. ಹೊರಡುವ ಮುಂಚೆ ಚಕ್ರ, ಡಿಸ್ಕ್‌ಗಳಿಗೆ ಹೂವಿನ ಹಾರದ ದಾರ ಸುತ್ತಿಕೊಂಡಿದೆಯೇ ನೋಡಿ, ಇದ್ದರೆ ಕತ್ತರಿಸಿ ತೆಗೆಯಿರಿ.